ಹಚ್ಚೆಯ ಹಂಪವ್ವ ಗೋಡೆ ಗೆದ್ದದ್ದು

ಬೇವೂರಿನ ಹಂಪವ್ವ ತನ್ನ ಆಯುಷ್ಯದಲ್ಲಿ ಅಳಿಸಿದಷ್ಟು ಹೆಣ್ಣುಮಕ್ಕಳನ್ನು ನಾಲ್ಕು ತಾಲೂಕಿನ ಅತ್ತೆಯರೆಲ್ಲ ಸೇರಿಯೂ ಅಳಿಸಿರಲಾರರು. ವ್ಯತ್ಯಾಸವಿಷ್ಟೇ: ಅತ್ತೆಯಿಂದಾಗಿ ಅತ್ತವರು ಅಡುಗೆಮನೆಯ ಮೂಲೆ ಹುಡುಕುತ್ತಿದ್ದರು. ಹಂಪವ್ವನಿಂದಾಗಿ ಅತ್ತವರು ಮೂಗೊರೆಸಿಕೊಂಡು, ಅವಳ ಉಡಿಗೆ ಜೋಳ ಸುರಿದು, ಮೇಲೆ ನಾಲ್ಕು ಒಣಮೆಣಸಿನಕಾಯಿ ಇಟ್ಟು, "ಮುಂದಿನ ಸುಗ್ಗಿಗೆ ಬಾ ಯಕ್ಕಾ, ಬಲಗೈ ಹಾಂಗ ಉಳದೈತಿ" ಎಂದು ಕಳಿಸಿಕೊಡುತ್ತಿದ್ದರು.

ಹಚ್ಚೆ ಹಾಕುವುದು ಅವಳ ಕಸುಬು. ಹರಳೆಣ್ಣೆಯ ದೀಪದ ಮಸಿ, ಗರಗದ ಸೊಪ್ಪಿನ ರಸ, ದಾರದಿಂದ ಬಿಗಿದು ಕಟ್ಟಿದ ಸೂಜಿಗಳ ಒಂದು ಕಂತೆ, ಇವಿಷ್ಟನ್ನು ಸಣ್ಣ ಬಿದಿರು ಬುಟ್ಟಿಯಲ್ಲಿಟ್ಟುಕೊಂಡು ಅವಳು ಸುಗ್ಗಿ ಮುಗಿದೊಡನೆ ದಿಗ್ವಿಜಯಕ್ಕೆ ಹೊರಡುವಳು. ಯಲಬುರ್ಗಿಯ ಎರೆಹೊಲ ದಾಟಿ ಕುಷ್ಟಗಿ, ಅಲ್ಲಿಂದ ಗಂಗಾವತಿಯ ಕಾಲುವೆ ಸೀಮೆ, ತಿರುಗಿ ಕೊಪ್ಪಳ ಹಾಯ್ದು ಮನೆ. ಹೋದ ಊರಿನಲ್ಲೆಲ್ಲ ಕಟ್ಟೆಯ ಮೇಲೆ ಕೂತು ಒಂದು ಕೂಗು ಹಾಕಿದರೆ ಸಾಕು. ಧೈರ್ಯವಿದ್ದ ಹುಡುಗಿಯರು ತಾವೇ ಬರುತ್ತಿದ್ದರು, ಇಲ್ಲದವರನ್ನು ಅವರವರ ಅಜ್ಜಿಯರು ಎಳೆದುಕೊಂಡು ಬರುತ್ತಿದ್ದರು. ಸತ್ತ ಮೇಲೆ ಮೈಮೇಲಿನ ಬಂಗಾರವನ್ನು ಸೊಸೆ ಬಿಚ್ಚಿಕೊಳ್ಳುತ್ತಾಳೆ, ಬೆಳ್ಳಿಯನ್ನು ಮಗಳು ಬಿಚ್ಚಿಕೊಳ್ಳುತ್ತಾಳೆ, ಜೊತೆಗೆ ಬರುವುದು ಹಚ್ಚೆಯೊಂದೇ ಎಂಬುದು ಅಜ್ಜಿಯರ ವಾದ. ಈ ವಾದಕ್ಕೆ ಎದುರು ವಾದ ಹೂಡಿದವರು ಯಾರೂ ಸತ್ತು ನೋಡಿ ಬಂದವರಲ್ಲವಾದ್ದರಿಂದ ಅಜ್ಜಿಯರೇ ಗೆಲ್ಲುತ್ತಿದ್ದರು.

ಹಂಪವ್ವನ ಕಾನೂನು ಒಂದೇ. ಸೂಜಿ ತಾಗಿದ ಮೇಲೆ ಚಿತ್ರ ಮುಗಿಯುವ ತನಕ ಏಳುವಂತಿಲ್ಲ. ಅರ್ಧ ಹಚ್ಚೆ ಹೊತ್ತು ತಿರುಗುವುದು ಅರ್ಧ ತಾಳಿ ಕಟ್ಟಿಸಿಕೊಂಡು ತಿರುಗಿದಷ್ಟೇ ಕೆಡುಕು. ಮನೆಗೆ ಬೆಂಕಿ ಬಿದ್ದರೂ ಸರಿ, ಕೈಮೇಲೆ ಬರೆಯುತ್ತಿರುವ ತೊಟ್ಟಿಲಿನ ನಾಲ್ಕನೆಯ ಸರಪಳಿ ಮುಗಿಯಲೇಬೇಕು. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿದು, ಬಲಗೈಯಿಂದ ಚುಚ್ಚುತ್ತ, ಹುಡುಗಿಯ ಗಮನ ಬೇರೆಡೆ ಸೆಳೆಯಲೆಂದು ತಾನೇ ಕಟ್ಟಿದ ಹಾಡು ಹೇಳುವಳು:

"ಅಳಬ್ಯಾಡ ನನ ಕೂಸ, ಇದು ಏನು ನೋವಲ್ಲ,
ಅತ್ತಿ ನಾಲಿಗಿಗಿಂತ ಸೂಜಿ ಮೆತ್ತಗ."

ಇದನ್ನು ಕೇಳಿ ಹುಡುಗಿಯರು ಇನ್ನೂ ಜೋರಾಗಿ ಅಳುತ್ತಿದ್ದರು. ಅದು ಬೇರೆ ಮಾತು.

ತನ್ನ ಕೈಗುಣದ ಬಗ್ಗೆ ಅವಳಿಗೆ ಇದ್ದ ಅಭಿಪ್ರಾಯ ಅತ್ಯುನ್ನತವಾದದ್ದು. ಯಲಬುರ್ಗಿಯ ಹತ್ತಿರದ ಊರೊಂದರ ಗೌಡರ ಮನೆಯ ಶಾಂತಕ್ಕನ ಬಲಗೈಗೆ ಅವಳೊಮ್ಮೆ ಚೇಳು ಹಾಕಿದ್ದಳು. ಚೇಳಿನ ಹಚ್ಚೆ ಇದ್ದ ಕೈಗೆ ಚೇಳು ಕಡಿಯುವುದಿಲ್ಲವೆಂದು ಮಾತು ಕೊಟ್ಟಿದ್ದಳು. ಮರುವರ್ಷವೇ ಸೆಗಣಿ ಕುಳ್ಳಿನ ಬಣವೆಯಲ್ಲಿ ಕೈಯಿಟ್ಟ ಶಾಂತಕ್ಕನಿಗೆ ಚೇಳು ಕಡಿಯಿತು. ಅದೂ ಬರೋಬ್ಬರಿ ಹಚ್ಚೆಯ ಮೇಲೆಯೇ. ಊದಿದ ಕೈ ಹಿಡಿದುಕೊಂಡು ಶಾಂತಕ್ಕ ಜಗಳಕ್ಕೆ ಬಂದರೆ ಹಂಪವ್ವ ಸ್ವಲ್ಪವೂ ಅಂಜಲಿಲ್ಲ.

"ಅದು ಕಡಿಯಾಕ ಬಂದಿರಲಿಲ್ಲ ಯಕ್ಕಾ. ತನ್ನ ಜ್ವಾಡಿ ಕುಂತೈತಂತ ತಿಳಕೊಂಡು ಮಾತಾಡ್ಸಾಕ ಬಂದಿತ್ತು. ಅಷ್ಟು ಜೀವಂತ ತಗದೀನಿ ನೋಡು!"

ಶಾಂತಕ್ಕ ಅಂದಿನಿಂದ ಅವಳ ಜೊತೆ ಮಾತು ಬಿಟ್ಟಿದ್ದಳು.

ಹೀಗೆ ಸಾಗಿದ್ದ ಸಾಮ್ರಾಜ್ಯಕ್ಕೆ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕುತ್ತು ಬಂತು. ಹುಡುಗಿಯರು ಶಾಲೆಗೆ ಹೋಗತೊಡಗಿದರು. ಮುಂಗೈ ಇರುವುದು ಗಡಿಯಾರ ಕಟ್ಟಲೆಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ಗಡಿಯಾರ ಕೊಳ್ಳುವ ಶಕ್ತಿ ಇಲ್ಲದವರು ಕೂಡ ಎಂದಾದರೂ ಬಂದೀತೆಂದು ಜಾಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು. ಹಂಪವ್ವನ ದಿಗ್ವಿಜಯ ವರ್ಷದಿಂದ ವರ್ಷಕ್ಕೆ ಗಿಡ್ಡವಾಯಿತು. ಆದರೂ ಅವಳ ಗತ್ತು ಕಡಿಮೆಯಾಗಲಿಲ್ಲ. ಆ ಗತ್ತಿಗೆ ನಿಜವಾದ ಪೆಟ್ಟು ಬಿದ್ದದ್ದು ಎಂಬತ್ಮೂರರಲ್ಲಿ, ಅದೂ ಸ್ವಂತ ಗಂಡನ ಕಡೆಯಿಂದ.

ಗಂಡ ಮಾರೆಪ್ಪ ಬುಟ್ಟಿ ಹೆಣೆಯುವವನು. ಅವನ ಬುಟ್ಟಿಗಳಿಗೆ ಒಂದು ವೈಶಿಷ್ಟ್ಯವಿತ್ತು. ಎಲ್ಲ ಬುಟ್ಟಿಗಳೂ ಎಡಕ್ಕೆ ವಾಲುತ್ತಿದ್ದವು. ಮಾರೆಪ್ಪ ಹೆಣೆಯುವಾಗ ಬಲಕ್ಕೆ ಒರಗಿ ಕೂರುತ್ತಿದ್ದುದೇ ಇದಕ್ಕೆ ಕಾರಣವೆಂದು ಬಲ್ಲವರು ಹೇಳುತ್ತಿದ್ದರು. ಆ ವರ್ಷದ ಸಂಕ್ರಾಂತಿ ಮುಗಿದ ಮೇಲೆ ಒಂದು ಜೀಪು ಬೇವೂರಿಗೆ ಬಂತು. ಕೊಪ್ಪಳದಲ್ಲಿ ನಾಲ್ಕು ತಾಲೂಕಿನ ಎಲ್ಲ ಜಾತಿ ಜನಾಂಗಗಳ ಕಲೆಗಳದ್ದೊಂದು ದೊಡ್ಡ ಪ್ರದರ್ಶನ. ಅದಕ್ಕೆ ಸಾಮಾನು ಕೂಡಿಸುತ್ತ ಸಮಿತಿಯ ಇಬ್ಬರು ಯುವಕರು ಬಂದಿದ್ದರು. ಅವರು ಮಾರೆಪ್ಪನ ಬುಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಆ ವಾಲುವಿಕೆಯನ್ನೂ ಪರಂಪರೆಯೆಂದೇ ತಿಳಿದು, ಭಕ್ತಿಯಿಂದ ಎತ್ತಿಕೊಂಡರು.

"ಮತ್ತ ನಂದು?" ಎಂದಳು ಬಾಗಿಲಲ್ಲಿ ನಿಂತಿದ್ದ ಹಂಪವ್ವ.

"ನಿಂದೇನೈತಬೇ?" ಎಂದ ಯುವಕರಲ್ಲೊಬ್ಬ.

"ಹಚ್ಚಿ."

"ಹೌದಾ? ಎಲ್ಲೈತಿ, ತೋರಿಸು."

ಹಂಪವ್ವ ತಿರುಗಿ ಮನೆಯೊಳಗೆ ನೋಡಿದಳು. ಒಲೆ ಇತ್ತು, ನೆಲುವು ಇತ್ತು, ಬಿದಿರು ಸೀಳುಗಳ ರಾಶಿ ಇತ್ತು. ಮೂವತ್ತು ವರ್ಷ ಮಾಡಿದ ಕೆಲಸದ ಒಂದು ಚುಕ್ಕೆಯೂ ಮನೆಯಲ್ಲಿ ಇರಲಿಲ್ಲ. ಅದೆಲ್ಲ ನಾಲ್ಕು ತಾಲೂಕಿನಲ್ಲಿ ರೊಟ್ಟಿ ಬಡಿಯುತ್ತಿತ್ತು, ಕಳೆ ಕೀಳುತ್ತಿತ್ತು, ಎಮ್ಮೆ ಹಿಂಡುತ್ತಿತ್ತು. ಯುವಕರು ನಕ್ಕು ಜೀಪು ಹತ್ತಿದರು.

ಅಂದಿನಿಂದ ಮಾರೆಪ್ಪನ ನಡಿಗೆಯೇ ಬದಲಾಯಿತು. "ನಂದು ಕೊಪ್ಪಳಕ್ಕ ಹೋಗೈತಿ. ಜೀಪಿನ್ಯಾಗ," ಎಂದು ಕಂಡಕಂಡವರಿಗೆ ಹೇಳಿದ. ತಾನು ಒಮ್ಮೆಯೂ ಜೀಪು ಹತ್ತದವನು, ಬುಟ್ಟಿ ಹತ್ತಿದ್ದನ್ನೇ ತಾನು ಹತ್ತಿದಂತೆ ವರ್ಣಿಸಿದ. ಊಟಕ್ಕೆ ಕೂತಾಗ ಹೆಂಡತಿಗೂ ಹೇಳಿದ: "ಕಲಾಕಾರನ ಗಂಗಾಳಕ್ಕ ಇನ್ನೊಂದು ರೊಟ್ಟಿ ಹಾಕು."

ಹಂಪವ್ವ ರೊಟ್ಟಿ ಹಾಕಿದಳು. ಜೊತೆಗೆ ಶಪಥವನ್ನೂ ಮಾಡಿದಳು. "ನಿನ್ನ ಸೊಟ್ಟ ಬುಟ್ಟಿ ಇರೋ ಕಡೆ ಗ್ವಾಡಿ ಮ್ಯಾಲ ನನ್ನ ಹಚ್ಚಿ ಇರಲಿಲ್ಲಂದ್ರ ನಾನು ಸೂಜಿ ಹಿಡಿಯೂದ ಬಿಡತೀನಿ."

ಮರುದಿನವೇ ಅವಳು ಕೆಂಪು ಬಸ್ಸು ಹತ್ತಿ ಕೊಪ್ಪಳಕ್ಕೆ ಹೋದಳು. ಗಂಜ್ ಮಾರುಕಟ್ಟೆಯ ಹಿಂದಿನ ಹಳೆಯ ಹತ್ತಿ ಗೋದಾಮಿನಲ್ಲಿ ಪ್ರದರ್ಶನದ ಸಿದ್ಧತೆ ನಡೆದಿತ್ತು. ಸಮಿತಿಯ ಕಾರ್ಯದರ್ಶಿ ಕುಬೇರಪ್ಪ ಮಾಸ್ತರರು ನಿಚ್ಚಣಿಕೆಯ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ, ಬಣ್ಣದ ಕೈ ಒರೆಸಿಕೊಳ್ಳಲು ಅರಿವೆ ಸಿಗದಿದ್ದರೆ ತಲೆಗೂದಲಿಗೆ ಒರೆಸಿಕೊಳ್ಳುವ ಮನುಷ್ಯ. ಈ ಪ್ರದರ್ಶನಕ್ಕಾಗಿ ಎರಡು ತಿಂಗಳು ಸೈಕಲ್ ತುಳಿದು ಸೊರಗಿದ್ದರು. ಅವರ ಸುತ್ತ ಕಿನ್ನಾಳದ ಗೊಂಬೆಗಳು, ಲಂಬಾಣಿ ತಾಂಡಾದ ಕನ್ನಡಿ ಹಚ್ಚಿದ ಲಂಗಗಳು, ಮೊಹರಮ್ಮಿನ ಹುಲಿವೇಷದ ಮುಖಗಳು, ಕುರುಬರ ಕಂಬಳಿಗಳು, ನಡುವೆ ಎಡಕ್ಕೆ ವಾಲಿದ ಒಂದು ಬುಟ್ಟಿ.

"ಮಾಸ್ತರ, ನಂದೂ ಒಂದು ಹಚ್ಚರಿ ಗ್ವಾಡಿಗೆ."

"ಏನು ತಂದೀಯವ್ವ?"

"ಹಚ್ಚಿ."

ಮಾಸ್ತರರು ಇಳಿದು ಬಂದರು. ಅವಳನ್ನು ನೋಡಿ ನಗಲಿಲ್ಲ. ಅದೇ ಅವರ ದೊಡ್ಡ ಗುಣ. ಒಂದು ದಪ್ಪ ಹಾಳೆ, ಕುಂಚ, ಮಸಿ ಕೊಟ್ಟು, "ಇದರ ಮ್ಯಾಲ ತಗದು ಕೊಡು, ಚೌಕಟ್ಟು ಹಾಕಿಸ್ತೀನಿ" ಎಂದರು. ಹಂಪವ್ವ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಿಂದ ಬಿಗಿಯಾಗಿ ಹಿಡಿದಳು. ಹಾಳೆ ಹರಿಯಿತು. ಇನ್ನೊಂದು ಕೊಟ್ಟರು. ಹಾಡು ಹೇಳಿದಳು, ಹಾಳೆ ಅಳಲಿಲ್ಲ. ಎಲುಬಿಲ್ಲದ ಆ ಬಿಳಿ ಬಯಲಿನಲ್ಲಿ ಅವಳ ಗೆರೆಗೆ ದಾರಿಯೇ ತಿಳಿಯಲಿಲ್ಲ. ನವಿಲೆಂದು ತೆಗೆದದ್ದು ಕುರಿಯಂತೆ ಮುಖ ತಗ್ಗಿಸಿ ನಿಂತಿತು.

"ಇದು ಸತ್ತ ತೊಗಲು ಮಾಸ್ತರ. ಇದರ ಮ್ಯಾಲ ಆಗಂಗಿಲ್ಲ. ನಾನು ತೋಳು ತರತೀನಿ."

"ತೋಳು?"

"ಹೆಂಗಸರ ತೋಳ್ರಿ. ಹೆಂಗಸರ ಸಮೇತ."

ಕುಬೇರಪ್ಪನವರು ಗೋಡೆಯ ಮೇಲೆ ಬರೆಸಿದ್ದ ನಿಯಮ ತೋರಿಸಿದರು. ಪ್ರದರ್ಶನ ಮೂರು ದಿನ. ಕೊನೆಯ ದಿನ ರಾಯಚೂರಿನಿಂದ ತೀರ್ಪುಗಾರರು ಬರುತ್ತಾರೆ. ಮುಗಿಯುವ ತನಕ ಯಾವ ಕಲಾಕೃತಿಯೂ ಜಾಗ ಬಿಟ್ಟು ಅಲುಗಾಡುವಂತಿಲ್ಲ. ಈ ನಿಯಮದ ಹಿಂದೆ ಒಂದು ದುರಂತ ಕಥೆಯಿತ್ತು. ಹಿಂದಿನ ವರ್ಷ ಇಂಥದೇ ಸಣ್ಣ ಪ್ರದರ್ಶನದ ಎರಡನೆಯ ದಿನ, ಮಜ್ಜಿಗೆ ಕಡೆಯಬೇಕೆಂದು ಒಬ್ಬಾಕೆ ತನ್ನ ಕೆತ್ತನೆಯ ಕಡಗೋಲು ಒಯ್ದಳು. ಅವಳನ್ನು ನೋಡಿ ಇನ್ನೊಬ್ಬಾಕೆ ಬೀಸುವ ಕಲ್ಲು ಒಯ್ದಳು. ಮದುವೆಗೆ ಬೇಕೆಂದು ಕಂಬಳಿ ಹೋಯಿತು, ಕೂಸು ಮಲಗಿಸಬೇಕೆಂದು ತೊಟ್ಟಿಲು ಹೋಯಿತು. ತೀರ್ಪುಗಾರರು ಬಂದಾಗ ಗೋಡೆಯ ಮೇಲೆ ಮೊಳೆಗಳಷ್ಟೇ ಇದ್ದವು. ಅವರು ಮೊಳೆಗಳನ್ನು ಹೊಗಳಿ ಹೋಗಿದ್ದರು.

"ತೋಳು ತಂದ್ರ ಬ್ಯಾಡನ್ನಂಗಿಲ್ಲ," ಎಂದರು ಕುಬೇರಪ್ಪ. "ಆದ್ರ ತೀರ್ಪುಗಾರರು ಬಂದಾಗ ಇರಬೇಕು. ಖಾಲಿ ಗ್ವಾಡಿಗೆ ನಿನ್ನ ಹೆಸರು ಬರದ್ರ ನನ್ನ ಮಾನ ಹೋಗತೈತಿ."

"ಇರ್ತಾವರಿ."

ಹೀಗೆ ಹಂಪವ್ವನ ಕೊನೆಯ ಹಾಗೂ ಅತಿ ದೊಡ್ಡ ದಂಡಯಾತ್ರೆ ಶುರುವಾಯಿತು. ಈ ಸಲ ಚುಚ್ಚಲು ಅಲ್ಲ, ಚುಚ್ಚಿದ್ದನ್ನು ವಸೂಲಿ ಮಾಡಲು.

ಮೊದಲು ಕುಷ್ಟಗಿ. ಅಲ್ಲಿ ಬಳೆ ಅಂಗಡಿಯ ಹಜರತಬೀ ಇದ್ದಳು. ಚಿಕ್ಕಂದಿನಲ್ಲಿ ಗೆಳತಿಯರೆಲ್ಲ ಸಾಲಾಗಿ ಕೂತು ಹಚ್ಚೆ ಹಾಕಿಸಿಕೊಳ್ಳುವಾಗ, ಹೊಟ್ಟೆಕಿಚ್ಚು ತಡೆಯಲಾರದೆ ಸಾಲಿನ ಕೊನೆಯಲ್ಲಿ ತಾನೂ ಕೂತು ಮಲ್ಲಿಗೆ ಬಳ್ಳಿ ಬರೆಸಿಕೊಂಡವಳು. ಅಪ್ಪ ಬೈದದ್ದೇ ಬೈದದ್ದು. ಬಳ್ಳಿ ಮಾತ್ರ ಹೋಗಲಿಲ್ಲ.

"ನಮ್ಮಲ್ಲಿ ಇದನ್ನ ಹಾಕ್ಕೊಳ್ಳೂದಿಲ್ಲಲ್ಲ ಹಂಪವ್ವ," ಎಂದಳು ಹಜರತಬೀ.

"ಹಾಕ್ಕೊಂಡೀಯಲ್ಲ."

"ಹಾಕ್ಕೊಂಡೀನಿ," ಎಂದು ಆಕೆ ಒಪ್ಪಿದಳು. ಆಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿ, ಬಹಳ ದಿನದ ಮೇಲೆ ಎಂಬಂತೆ ಆ ಬಳ್ಳಿಯನ್ನು ನೋಡಿದಳು. "ಛಲೋನೂ ಐತಿ. ಬರ್ತೀನಿ. ಆದ್ರ ಬಳಿ ಗಂಟು ತರತೀನಿ. ಖಾಲಿ ಕುಂದರೂದು ನನಗಾಗಂಗಿಲ್ಲ."

ಎರಡನೆಯದು ಗಂಗಾವತಿಯ ಕಡೆಯ ಶ್ರೀರಾಮನಗರ. ಕಾಲುವೆ ನೀರಿನ ಬೆನ್ನುಹತ್ತಿ ಗೋದಾವರಿ ಸೀಮೆಯಿಂದ ಬಂದ ವೆಂಕಾಯಮ್ಮ ಅಲ್ಲಿದ್ದಳು. ಹೊಸದಾಗಿ ಬಂದಾಗ ತವರು ನೆನೆದು ಅಳುತ್ತಿದ್ದವಳು, ತನ್ನೂರಿನ ದೋಣಿಯೊಂದನ್ನು ಕೈಮೇಲೆ ಬರೆಸಿಕೊಳ್ಳಬೇಕೆಂದು ಹಂಪವ್ವನನ್ನು ಕೇಳಿದ್ದಳು. ಹಂಪವ್ವನಿಗೆ ಗೊತ್ತಿದ್ದದ್ದು ತುಂಗಭದ್ರೆಯ ಹರಿಗೋಲು ಒಂದೇ. ಗುಂಡಗಿನ ಹರಿಗೋಲನ್ನೇ ಹಾಕಿದಳು. ಅಂಥ ದೋಣಿ ಗೋದಾವರಿಯಲ್ಲಿ ಎಂದೂ ತೇಲಿರಲಿಲ್ಲ. ವೆಂಕಾಯಮ್ಮ ಅದನ್ನು ನೋಡಿ ಎಷ್ಟು ನಕ್ಕಳೆಂದರೆ ಅಳುವುದೇ ಮರೆತುಹೋಯಿತು.

"ನನ್ನ ಪಚ್ಚಬೊಟ್ಟು ನೋಡೋಕೆ ಊರ ಜನ ಬರ್ತಾರಾ? ಏಮಿ ವಿಚಿತ್ರಮಮ್ಮಾ!" ಎಂದು ಹಚ್ಚೆಯನ್ನು ತನ್ನ ಭಾಷೆಯಲ್ಲಿ ಕರೆದು, ಆಗಲೇ ಒಳ್ಳೆಯ ಸೀರೆ ಹುಡುಕಲು ಒಳಗೆ ಹೋದಳು.

ಉಳಿದದ್ದು ಅಜೇಯ ಕೋಟೆ: ಶಾಂತಕ್ಕ. ಚೇಳು ಇದ್ದದ್ದು ಅವಳ ಬಲಗೈಯಲ್ಲಿ. ಎಡಗೈಯಲ್ಲಿ ಇದ್ದದ್ದು ಹಂಪವ್ವ ಜನ್ಮದಲ್ಲಿ ಹಾಕಿದ ಹಚ್ಚೆಗಳಲ್ಲೆಲ್ಲ ಶ್ರೇಷ್ಠವಾದ ತೊಟ್ಟಿಲು. ನಾಲ್ಕು ಸರಪಳಿ, ಮೇಲೆ ಗಿಳಿಗಳ ಸಾಲು, ಒಳಗೆ ಕಾಣಿಸಿಯೂ ಕಾಣಿಸದ ಕೂಸು. ಆ ತೊಟ್ಟಿಲಿಲ್ಲದೆ ಗೋಡೆಗೆ ಹೋಗುವುದೆಂದರೆ ಬಾಸಿಂಗವಿಲ್ಲದೆ ಮದುವೆಗೆ ಹೋದಂತೆ.

ಶಾಂತಕ್ಕ ಕಂಬದ ಕಡೆ ಮುಖ ಮಾಡಿ ಕಂಬಕ್ಕೇ ಹೇಳಿದಳು: "ಯಾರೋ ಬಂದಾರ. ಹೋಗಂತ ಹೇಳು."

ಹಂಪವ್ವನೂ ಕಂಬಕ್ಕೇ ಹೇಳಿದಳು: "ಹೋಗತೀನವ್ವ. ಮಗ್ಗಲಮನಿ ನೆಗೆಣ್ಣಿನ್ನ ಕರಕೊಂಡು ಹೋಗತೀನಿ. ಆಕಿ ತೊಟ್ಟಿಲಕ್ಕ ಗಿಳಿ ಇಲ್ಲ, ಖರೇ. ಆದ್ರ ಕೊಪ್ಪಳದ ಮಂದಿಗೇನು ಗೊತ್ತಾಗತೈತಿ? ಗೌಡರ ಮನ್ಯಾಗ ಇದ ಛಲೋದು ಅಂತ ತಿಳಕೋತಾರ."

ಕಂಬ ಸುಮ್ಮನಿತ್ತು. ಶಾಂತಕ್ಕನಿಗೆ ಸುಮ್ಮನಿರಲಾಗಲಿಲ್ಲ. "ಆಕೀನ? ಆಕಿ ತೋಳು ಕಟಗಿ ಇದ್ಹಂಗ ಐತಿ! ಬಸ್ಸು ಎಷ್ಟು ಗಂಟೇಕ್ಕ?"

ಮೊದಲ ದಿನದ ವಿಜಯವನ್ನು ಬಣ್ಣಿಸಲು ವಂದಿಮಾಗಧರೇ ಬೇಕು. ಗೋದಾಮಿನ ಕೊನೆಯ ಗೋಡೆಯ ಮೇಲೆ 'ಹಚ್ಚೆ: ಹಂಪವ್ವ, ಬೇವೂರು' ಎಂಬ ಫಲಕ, ಅದರ ಕೆಳಗೆ ಮೂರು ಕುರ್ಚಿ, ಕುರ್ಚಿಗಳ ಮೇಲೆ ಹರಳೆಣ್ಣೆ ಹಚ್ಚಿ ಮಿರುಗಿಸಿದ ತೋಳುಗಳನ್ನು ಚಾಚಿ ಕೂತ ಮೂವರು. ಉಳಿದ ಕಲಾಕೃತಿಗಳು ಸುಮ್ಮನಿದ್ದವು, ಇವು ಮಾತಾಡುತ್ತಿದ್ದವು. ಪಕ್ಕದಲ್ಲಿ 'ಮುಟ್ಟಬೇಡಿ' ಎಂದು ಬರೆದಿತ್ತು. ಶಾಂತಕ್ಕ ಬಂದವರನ್ನು ಹಿಡಿದೆಳೆದು ಮುಟ್ಟಿಸುತ್ತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂರುತ್ತೇನೆಂದು ಬಂದವಳು, ಮಧ್ಯಾಹ್ನದ ಹೊತ್ತಿಗೆ ಅದನ್ನೂ ಹೊರತೆಗೆದಿದ್ದಳು.

"ನೋಡ್ರಿ, ಈ ಚೇಳಿಗೆ ಖರೇ ಚೇಳ ಮೋಸ ಹೋತು! ಜ್ವಾಡಿ ಅಂತ ತಿಳಕೊಂಡು ಬಂತರೀ!"

ಹಂಪವ್ವ ಹಿಂದೆ ನಿಂತು ತನ್ನ ಮಾತನ್ನು ತಾನೇ ಕೇಳಿ ಮೀಸೆಯಿಲ್ಲದ ತುಟಿಯ ಮೇಲೆ ಬೆರಳಾಡಿಸಿದಳು.

ಹಜರತಬೀ ನೋಡಲು ಬಂದವರ ಕೈಗೆಲ್ಲ ಬಳೆ ಏರಿಸಿ ಕಳಿಸುತ್ತಿದ್ದಳು. ವೆಂಕಾಯಮ್ಮನ ದೋಣಿಯ ಮುಂದೆ ನಿಂತ ಮಾರೆಪ್ಪ, "ಇದು ನನ್ನ ಬುಟ್ಟಿ. ನನ್ನದ ನೋಡಿ ತಗದಾಳ" ಎಂದು ಜನರಿಗೆ ವಿವರಿಸಿ ಕೀರ್ತಿಯಲ್ಲಿ ಪಾಲು ಕೇಳಿದ. ವೆಂಕಾಯಮ್ಮ, "ನಿನ್ನ ಬುಟ್ಟಿ ವಾಲತ್ತೆ, ನನ್ನ ದೋಣಿ ನೆಟ್ಟಗಿದೆ. ಹೋಗಯ್ಯಾ!" ಎಂದು ಓಡಿಸಿದಳು. ಕುಬೇರಪ್ಪ ಮಾಸ್ತರರು ಮಾತ್ರ ಶಾಂತಕ್ಕನ ತೊಟ್ಟಿಲಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಜೇಬಿನಿಂದ ಪೆನ್ಸಿಲ್ ತೆಗೆದು ಆ ಸರಪಳಿಯ ಬಾಗನ್ನು ಹಿಡಿಯಲು ಪ್ರಯತ್ನಿಸಿದರು, ಅಳಿಸಿದರು, ಮತ್ತೆ ಪ್ರಯತ್ನಿಸಿದರು.

ಎರಡನೆಯ ದಿನ ಸೈನ್ಯ ಕರಗಿತು.

ಬೆಳಿಗ್ಗೆಯೇ ಶ್ರೀರಾಮನಗರದಿಂದ ಸುದ್ದಿ ಬಂತು: ಕಾಲುವೆಗೆ ನೀರು ಬಿಟ್ಟಿದ್ದಾರೆ, ನಾಟಿಗೆ ಆಳು ಬಂದಿದ್ದಾರೆ. ವೆಂಕಾಯಮ್ಮ ದೋಣಿಯ ಸಮೇತ ನೀರಿನತ್ತ ಓಡಿದಳು. ಮಧ್ಯಾಹ್ನ ಹಜರತಬೀಯ ಬಳೆ ಗಂಟು ಖಾಲಿಯಾಯಿತು. ಗಂಟು ತುಂಬಿಕೊಂಡು ಬರುತ್ತೇನೆಂದು ಹೋದವಳನ್ನು ಕುಷ್ಟಗಿಯಲ್ಲಿ ಮದುವೆ ಮನೆಯವರು ಹಿಡಿದು ಕೂರಿಸಿಕೊಂಡರು. ಸಂಜೆಗೆ ಶಾಂತಕ್ಕ ಎದ್ದು ನಿಂತಳು.

"ನಮ್ಮ ಎಮ್ಮಿ ನನ್ನ ಕೈಗಲ್ಲದ ಯಾರ ಕೈಗೂ ಹಾಲು ಕೊಡಂಗಿಲ್ಲ. ಎರಡು ದಿನಾ ಆತು. ಅದರ ಕೆಚ್ಚಲ ಏನಾಗಿರಬೇಕು?"

"ಯಕ್ಕಾ, ನಾಳಿ ಒಂದ ದಿನಾ. ತೀರ್ಪುಗಾರರು ಬರ್ತಾರ."

"ತೀರ್ಪುಗಾರರು ಎಮ್ಮಿ ಹಿಂಡತಾರೇನು?" ಎಂದು ಕೇಳಿ ಶಾಂತಕ್ಕ ಬಸ್ಸು ಹತ್ತಿದಳು. ಆದರೆ ಹತ್ತುವ ಮೊದಲು ಹಂಪವ್ವನ ಗಲ್ಲ ಹಿಡಿದು ಲಟಿಕೆ ಮುರಿದಳು. ಕಂಬದ ಮಧ್ಯಸ್ಥಿಕೆ ಇನ್ನು ಬೇಕಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕುಬೇರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಾಗ ಕೊನೆಯ ಗೋಡೆಯ ಕೆಳಗೆ ಮೂರು ಖಾಲಿ ಕುರ್ಚಿಗಳಿದ್ದವು. ಒಂದರ ಪಕ್ಕ ನೆಲದ ಮೇಲೆ ಹಂಪವ್ವ ತನ್ನ ಸಣ್ಣ ಬುಟ್ಟಿ ಹಿಡಿದು ಕೂತಿದ್ದಳು. ಅವಳ ತೋಳುಗಳ ಮೇಲೆ ಏನೂ ಇರಲಿಲ್ಲ. ಬೇರೆಯವರ ಕೈಗೆಲಸ ತನ್ನ ಮೈಗೆ ತಕ್ಕುದಲ್ಲವೆಂದು ಅವಳು ಯಾರಿಗೂ ಚುಚ್ಚಲು ಬಿಟ್ಟಿರಲಿಲ್ಲ.

ಮಾಸ್ತರರು ನೊಂದುಕೊಂಡರು. "ಫಲಕ ತಗದಬಿಡತೀನಿ ಹಂಪವ್ವ. ಖಾಲಿ ಗ್ವಾಡಿ ತೋರಿಸಿ ನಿನ್ನ ಹೆಸರು ಕೆಡಸೂದು ಬ್ಯಾಡ. ನಿನ್ನೆ ಮೊನ್ನೆ ಮಂದಿ ನೋಡ್ಯಾರಲ್ಲ."

"ಮುಟ್ಟಬ್ಯಾಡ್ರಿ ಫಲಕ," ಎಂದಳು ಹಂಪವ್ವ. "ಎಷ್ಟು ಗಂಟೇಕ್ಕ ಬರ್ತಾರ ನಿಮ್ಮ ತೀರ್ಪುಗಾರರು?"

"ಮಧ್ಯಾಹ್ನ."

"ಬೇಕಾದಷ್ಟು ಹೊತ್ತೈತಿ."

ಅವಳು ಮಸಿ ಕಲಸಲು ಕೂತಳು. ಮೊದಲು ಕಣ್ಣು ಹೋದದ್ದು ಗಂಡನ ಮೇಲೆ. ಮಾರೆಪ್ಪ ಆ ನೋಟವನ್ನು ಗುರುತಿಸಿದ. ಮದುವೆಯಾದಂದಿನಿಂದ ಅವನು ಹೆಂಡತಿಯ ನಾಲಿಗೆಗೆ ಮೈಯೊಡ್ಡಿದ್ದನೇ ಹೊರತು ಸೂಜಿಗೆ ಒಡ್ಡಿರಲಿಲ್ಲ. "ನಾನು ಬುಟ್ಟಿ ಕಾಯಬೇಕು!" ಎಂದು ಕೂಗಿ, ಕಾಯುವ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು, ಬಾಗಿಲಾಚೆ ಮಾಯವಾದ. ನೋಡಲು ಬಂದವರಲ್ಲಿ ಒಬ್ಬಿಬ್ಬರು ಕೈಚಾಚಿದರು. "ಸಂಜೀತನಕ ಕುಂದರತೀರೇನು?" ಎಂದರೆ ಒಬ್ಬನಿಗೆ ಸಂತೆಯಿತ್ತು, ಒಬ್ಬಳಿಗೆ ಕೂಸು ಇತ್ತು. ಬರುವ ತೋಳುಗಳೆಲ್ಲ ಹೋಗುವ ತೋಳುಗಳೇ. ಯಾವ ಕೆಲಸ ಬಂದರೂ ಈ ಗೋದಾಮು ಬಿಟ್ಟು ಅಲುಗಾಡದ ತೋಳು ಇಡೀ ಕೊಪ್ಪಳದಲ್ಲಿ ಅಂದು ಎರಡೇ ಇದ್ದವು. ಅವೆರಡೂ ಇಸ್ತ್ರಿ ಮಾಡಿದ ಬಿಳಿ ಅಂಗಿಯೊಳಗಿದ್ದವು.

"ಮಾಸ್ತರ, ಬರ್ರಿ. ಕುಂದರ್ರಿ."

"ಯಾರು? ನಾನಾ? ನಾನು ಕಾರ್ಯದರ್ಶಿ!"

"ಕಾರ್ಯದರ್ಶಿಗೆ ತೋಳು ಇರಂಗಿಲ್ಲೇನ್ರಿ?"

ಜನ ಕೂಡಿದರು. ಹಿಂದಿನಿಂದ ಯಾರೋ, "ಡ್ರಾಯಿಂಗ್ ಮಾಸ್ತರ ಸೂಜಿಗೆ ಅಂಜ್ಯಾರಲೇ!" ಎಂದರು. ಅವರದೇ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಯ ಧ್ವನಿ ಅದು. ಬೆತ್ತದ ಬಾಕಿ ತೀರಿಸಿಕೊಳ್ಳುವ ಸಂತೋಷ ಅದರಲ್ಲಿ ಸ್ಪಷ್ಟವಾಗಿತ್ತು. ಮಾಸ್ತರರ ಕಿವಿ ಕೆಂಪಾಯಿತು. ಆದರೆ ಅವರು ಕೂತದ್ದು ಆ ಮಾತಿಗಲ್ಲ. ಹಂಪವ್ವನ ಬಳಿ ಬಗ್ಗಿ ಮೆಲ್ಲಗೆ ಕೇಳಿದರು: "ಆ ಸರಪಳಿ ಬಾಗು ಇರತೈತಲ್ಲ, ಅದನ್ನ ಹೆಂಗ ಒಯ್ತೀ ನೀನು? ನನಗ ಬರಲಿಲ್ಲ."

"ಕುಂತ್ರ ತಿಳಿತೈತ್ರಿ."

ಅವರು ಅಂಗಿಯ ತೋಳು ಮಡಚಿದರು. "ಸಣ್ಣದೊಂದು ಚುಕ್ಕಿ ಸಾಕು. ಹೆಚ್ಚಂದ್ರ ನನ್ನ ಹೆಸರಿನ ಮೊದಲಕ್ಷರ."

"ಆತರಿ," ಎಂದು ಹಂಪವ್ವ ಎಡಗೈಯಿಂದ ಅವರ ಮುಂಗೈಯನ್ನು ಬಿಗಿಹಿಡಿದಳು. ಈ ಸಲ ಏನೂ ಹರಿಯಲಿಲ್ಲ. ಸೂಜಿ ತಾಗಿತು. ಕುಬೇರಪ್ಪನವರು, ಸರಸ್ವತಿಯ ಉಪಾಸಕರು, ಅಂಥ ಉಪಾಸಕರು ಬಳಸಬಾರದ ಒಂದು ಶಬ್ದವನ್ನು ಬಳಸಿದರು. ಹಂಪವ್ವ ಹಾಡು ಎತ್ತಿದಳು. ಅತ್ತೆಯ ಜಾಗದಲ್ಲಿ ಹೆಡ್‌ಮಾಸ್ತರರನ್ನು ಕೂರಿಸಿ ಪದ ಬದಲಿಸಿದ್ದರಿಂದ ಮಾಸ್ತರರಿಗೆ ನೋವಿನ ನಡುವೆಯೂ ನಗು ಬಂತು. ಮಧ್ಯೆ ಮಧ್ಯೆ ಕಣ್ಣೊರೆಸಿಕೊಂಡು ಗೆರೆಯನ್ನೇ ನೋಡಿದರು. ಅವಳ ಬಲಗೈ ಬಾಗನ್ನು ಬರೆಯುತ್ತಲೇ ಇರಲಿಲ್ಲ. ಸೂಜಿ ನಿಂತಲ್ಲೇ ಚುಚ್ಚುತ್ತಿತ್ತು, ಎಡಗೈ ಚರ್ಮವನ್ನು ಅದರ ಕೆಳಗೆ ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತಿತ್ತು.

"ಹೋ," ಎಂದರು ಮಾಸ್ತರರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ, ಬೇರೆ ಧ್ವನಿಯಲ್ಲಿ: "ಹೋ! ಇದು ತೊಟ್ಟಿಲಾತಲ್ಲ! ಗಂಡಸಿನ ಕೈಗೆ ತೊಟ್ಟಿಲೇನು?"

"ಸಣ್ಣದು ದೂರದಿಂದ ಕಾಣಂಗಿಲ್ಲರೀ. ಪ್ರದರ್ಶನಕ್ಕ ಇದ್ದುದರಾಗ ಛಲೋದ ಇಡಬೇಕಲ್ಲ? ನನ್ನ ಛಲೋ ಕೆಲಸ ಇದ."

"ನಿಲ್ಲಸು!"

"ಅರ್ಧ ಹಚ್ಚಿಗೆ ಏಳಬಾರದ್ರಿ. ಕೆಡಕು."

ಸುತ್ತ ನಿಂತ ಅಜ್ಜಿಯರೆಲ್ಲ ಒಂದೇ ಉಸಿರಿಗೆ "ಹೌದ್ರಿ, ಕೆಡಕು!" ಎಂದು ಸಾಕ್ಷಿ ನುಡಿದರು. ಮಾಸ್ತರರು ಕೂತರು.

ತೀರ್ಪುಗಾರರ ಕಾರು ಬಂದಾಗ ಎರಡು ಸರಪಳಿ ಮುಗಿದಿದ್ದವು. ಬಾಗಿಲಲ್ಲಿ ಹಾರ ಹಿಡಿದು ನಿಲ್ಲಬೇಕಾದ ಕಾರ್ಯದರ್ಶಿ ಎಲ್ಲಿ ಎಂದು ಹುಡುಕುತ್ತ ಅವರು ಗೊಂಬೆ ದಾಟಿ, ಕಂಬಳಿ ದಾಟಿ, ಬುಟ್ಟಿಯ ಮುಂದೆ ತಲೆಯನ್ನು ಎಡಕ್ಕೆ ವಾಲಿಸಿ ನೋಡಿ, ಕೊನೆಯ ಗೋಡೆಗೆ ಬಂದರು. ಅವರ ಮುಖಂಡರು ಕನ್ನಡಕ ಸರಿಪಡಿಸಿಕೊಂಡರು.

"ಕುಬೇರಪ್ಪ, ಏನ್ರಿ ಇದು? ಇಲ್ಲಿ ಯಾಕ ಕುಂತೀರಿ?"

ಮಾಸ್ತರರು ಏಳಲು ನೋಡಿದರು. ಹಂಪವ್ವನ ಎಡಗೈ ಬಿಡಲಿಲ್ಲ. ಅವರು ಉಳಿದ ಒಂದು ಕೈಯನ್ನು ಎದೆಗಿಟ್ಟು ನಮಸ್ಕರಿಸಿ, ತಮ್ಮ ತಲೆಯ ಮೇಲಿದ್ದ ಫಲಕ ತೋರಿಸಿ ಹೇಳಿದರು: "ಕಲಾಕೃತಿ ನಾನ ಅದೀನ್ರಿ. ಏಳಾಕ ಬರಂಗಿಲ್ಲ. ನಿಯಮ."

ತೀರ್ಪುಗಾರರು ನಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಗಿಳಿಗಳು ಒಂದೊಂದಾಗಿ ಸರಪಳಿಯ ಮೇಲೆ ಬಂದು ಕೂರುವುದನ್ನು ಉಸಿರು ಹಿಡಿದು ನೋಡಿದರು. ಕೊನೆಗೆ ಮುಖಂಡರು ಕೇಳಿದರು: "ಇದು ಅಳಿಸಿ ಹೋಗೂದಿಲ್ಲೇನಮ್ಮ?"

ಕುಬೇರಪ್ಪನವರೂ ಆಸೆಯಿಂದ ಕತ್ತೆತ್ತಿದರು.

"ಸುಟ್ರ ಹೋಗತೈತ್ರಿ," ಎಂದಳು ಹಂಪವ್ವ ಸೂಜಿ ನಿಲ್ಲಿಸದೆ. "ಅಷ್ಟೊತ್ತಿಗೆ ಮಾಸ್ತರೂ ಹೋಗಿರ್ತಾರ."

ಮೊದಲ ಬಹುಮಾನದ ಶಾಲು ಕಂಬಳಿ ನೇಯುವವನೊಬ್ಬನಿಗೆ ಹೋಯಿತು. ಅದನ್ನು ಹೊದಿಸುವಾಗ ಅವನಿಗೆ ಶಾಲಿನ ಅವಶ್ಯಕತೆ ಇಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಹಂಪವ್ವ ಚಪ್ಪಾಳೆ ತಟ್ಟಿದಳು. ಅವಳು ಬಂದದ್ದು ಶಾಲಿಗಲ್ಲ. ತೀರ್ಪುಗಾರರು ಬಂದಾಗ ಗೋಡೆ ಖಾಲಿ ಇರಲಿಲ್ಲ, ಮಾತು ನಡೆದಿತ್ತು, ಸೂಜಿ ಉಳಿದಿತ್ತು. ಬಾಗಿಲಾಚೆಯಿಂದ ಮೆಲ್ಲಗೆ ತಲೆ ಹಾಕಿದ ಮಾರೆಪ್ಪನಿಗೆ, "ಕಲಾಕಾರ, ಬಾ ಒಳಗ. ಮಸಿ ಮುಗದೈತಿ" ಎಂದು ಅಭಯ ಕೊಟ್ಟಳು.

ತೀರ್ಪುಗಾರರು ಹೋದ ಮೇಲೆ ಮಾಸ್ತರರು ಅರಿಸಿನ ಮೆತ್ತಿದ ಕೈ ಹಿಡಿದು ಎದ್ದರು. "ಒಂದು ಚಾ ಕುಡದು ಬರತೀನಿ."

"ಎಲ್ಲಿಗ್ರಿ? ಮುಗಿಯೂತನಕ ಕಲಾಕೃತಿ ಅಲುಗಾಡಂಗಿಲ್ಲ. ನೀವ ಬರಸೀರಿ."

"ಮುಗೀತಲ್ಲ!"

"ಮಂದಿ ಇನ್ನೂ ಬರಾಕತ್ಯಾರ ನೋಡ್ರಿ. ಚಾ ಇಲ್ಲಿಗ ತರಸ್ತೀನಿ." ಅವಳು ಮಾರೆಪ್ಪನನ್ನು ಚಹಾಕ್ಕೆ ಅಟ್ಟಿದಳು. ಸಮಿತಿಯ ಕಾರ್ಯದರ್ಶಿ ಮತ್ತೆ ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಬಂದವರಿಗೆ ಸರಪಳಿಯ ಬಾಗು ಹೇಗೆ ಬರುತ್ತದೆಂದು, ತಾವೇ ಕಂಡುಹಿಡಿದವರಂತೆ, ಉತ್ಸಾಹದಿಂದ ವಿವರಿಸತೊಡಗಿದರು.

ಹಂಪವ್ವ ಮೊದಲ ಬಾರಿಗೆ ತನ್ನ ಕೆಲಸವನ್ನು ಒಂದು ಕಡೆ ಬಿಟ್ಟು, ಬರಿಗೈ ಬೀಸಿಕೊಂಡು ಹೊರಟಳು. ಗೊಂಬೆ ನೋಡಿದಳು, ಲಂಗದ ಕನ್ನಡಿಗಳಲ್ಲಿ ತನ್ನನ್ನು ತಾನು ನೂರು ತುಂಡಾಗಿ ನೋಡಿದಳು, ಹುಲಿಮುಖಕ್ಕೆ ಹಲ್ಲು ಕಿರಿದಳು. ಗೋದಾಮಿನ ಎದುರು ತುದಿಗೆ ಹೋಗಿ, ತಿರುಗಿ ನಿಂತು, ಒಂದು ಕಣ್ಣು ಮುಚ್ಚಿ, ಜನರ ತಲೆಗಳ ಮೇಲಿಂದ ತನ್ನ ಗೋಡೆಯನ್ನು ಅಳೆದಳು.

"ಮಾಸ್ತರ!" ಎಂದು ಅಲ್ಲಿಂದಲೇ ಕೂಗಿದಳು. "ಕೈ ಸೊಲ್ಪ ಮ್ಯಾಲ... ಇನ್ನಷ್ಟು... ಹಾಂ, ಈಗ ಸರಿ ಆತು. ಅಲ್ಲೇ ಇರಲಿ."